ಅಜ್ಜಿಯ ಬೆಳ್ಳಿ ಝುಮಕಿ: ನಿಜಕ್ಕೂ ಹಳೆಯದಾ, ಬೆಲೆ ಎಷ್ಟು?

2025ರ ಡಿಸೆಂಬರ್‌ನಲ್ಲಿ ಹಾವೇರಿಯಿಂದ ನನ್ನ ಸೋದರತ್ತೆ ಫೋನ್ ಮಾಡಿದರು. "ಏನವಾ, ಬೆಳ್ಳಿ ರೇಟು ಇಷ್ಟು ಏರೇತಿ, ಅವ್ವನ ಝುಮಕಿ ಕರಗಿಸಿ ನಿನ್ನ ಮಗಳಿಗೆ ಗೆಜ್ಜಿ ಮಾಡಿಸೋಣೇನು?" ಅಂದರು. ಆ ವಾರ ಅಂಥ ಮಾತು ಎಷ್ಟು ಮನೆಗಳಲ್ಲಿ ನಡೆದಿರಬಹುದು! ವರ್ಷದ ಆರಂಭದಲ್ಲಿ ಕೆಜಿಗೆ 90 ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ ಬೆಳ್ಳಿ, ಆ ತಿಂಗಳು 2 ಲಕ್ಷ ದಾಟಿತ್ತು. ಸೋಲಾರ್ ಫಲಕ, ಎಲೆಕ್ಟ್ರಾನಿಕ್ಸ್ ಎಲ್ಲಕ್ಕೂ ಬೆಳ್ಳಿ ಬೇಕು. ಹೂಡಿಕೆದಾರರೂ ಕೊಳ್ಳುತ್ತಿದ್ದರು. ಟ್ರಂಕಿನ ತಳದಲ್ಲಿ ಹಳೆಯ ಸೀರೆ ತುಂಡಿನಲ್ಲಿ ಸುತ್ತಿಟ್ಟ ಒಡವೆಗಳು ಹೊರಗೆ ಬರತೊಡಗಿದವು.

ಕರಗಿಸುವುದು ತಪ್ಪಲ್ಲ. ನಮ್ಮ ಹಿರಿಯರೂ ಹಳೆಯದನ್ನು ಮುರಿಸಿ ಹೊಸದು ಮಾಡಿಸಿದವರೇ. ಆದರೆ ಕರಗಿಸಿದ ಒಡವೆ ಮತ್ತೆ ಬರುವುದಿಲ್ಲ. ಅದಕ್ಕೇ ನಾನು ಅತ್ತೆಗೆ ಎರಡು ವಾರ ತಡೆಯಿರಿ ಅಂದೆ. ಕೈಯಲ್ಲಿರುವುದು ಏನು, ಬೆಳ್ಳಿ ಎಷ್ಟಿದೆ, ಎಷ್ಟು ಹಳೆಯದು, ಬೆಲೆ ಎಷ್ಟು ಅಂತ ನಾವು ಆ ಎರಡು ವಾರದಲ್ಲಿ ಹೇಗೆ ತಿಳಿದುಕೊಂಡೆವು ಎನ್ನುವುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

## ಹಳೆಯದು, ಆಂಟಿಕ್, ಆಂಟಿಕ್ ಫಿನಿಶ್

ಈ ಮೂರು ಪದಗಳನ್ನು ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಬಳಸುತ್ತಾರೆ. ಅರ್ಥ ಬೇರೆ ಬೇರೆ.

ಸಾಮಾನ್ಯವಾಗಿ ನೂರು ವರ್ಷ ತುಂಬಿದ ವಸ್ತುವನ್ನು ಆಂಟಿಕ್ ಅನ್ನುತ್ತಾರೆ. ನಮ್ಮ ದೇಶದ ಕಾನೂನೂ ಕೈಕೆಲಸದ ವಸ್ತುಗಳಿಗೆ ಇದೇ ನೂರು ವರ್ಷದ ಗೆರೆ ಎಳೆದಿದೆ. ಅದಕ್ಕಿಂತ ಕಡಿಮೆ ವಯಸ್ಸಿನದು, ನಮ್ಮ ಅಜ್ಜಿ ಮದುವೆಯಲ್ಲಿ ಹಾಕಿಕೊಂಡದ್ದು, ಹಳೆಯ ಒಡವೆ ಅಷ್ಟೇ. ಹಾಗಂತ ಅದಕ್ಕೆ ಬೆಲೆ ಇಲ್ಲ ಅಂತಲ್ಲ.

ಆಂಟಿಕ್ ಫಿನಿಶ್ ಅಂದರೆ ಹೊಸ ಒಡವೆಗೆ ಹಳೆಯ ಬಣ್ಣ ಕೊಟ್ಟದ್ದು. ಜಾತ್ರೆಯಲ್ಲಿ, ಆನ್‌ಲೈನಿನಲ್ಲಿ ಸಿಗುವ ಕಪ್ಪು ಛಾಯೆಯ ಆಕ್ಸಿಡೈಸ್ಡ್ ಝುಮಕಿಗಳೆಲ್ಲ ಇವೇ. ಗಂಧಕದ ರಾಸಾಯನಿಕ ಹಾಕಿ ಕೆಲವೇ ನಿಮಿಷದಲ್ಲಿ ಕಪ್ಪು ಮಾಡಿರುತ್ತಾರೆ. ಕೆಲವು ಬೆಳ್ಳಿಯವು, ಬಹಳಷ್ಟು ಜರ್ಮನ್ ಸಿಲ್ವರ್‌ನವು. ಜರ್ಮನ್ ಸಿಲ್ವರ್‌ನಲ್ಲಿ ಹೆಸರು ಬಿಟ್ಟರೆ ಬೆಳ್ಳಿಯ ಅಂಶವೇ ಇಲ್ಲ. ಅದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣ.

ಇನ್ನೊಂದು ಮಾತು ಶುದ್ಧತೆ. ಅಪ್ಪಟ ಬೆಳ್ಳಿ ಮೆತ್ತಗಿರುತ್ತದೆ. ಝುಮಕಿಯ ಕೊಂಡಿ ಕೈಯಲ್ಲೇ ಬಾಗಿಬಿಡುತ್ತದೆ. ಅದಕ್ಕೆ ತಾಮ್ರ ಸೇರಿಸುತ್ತಾರೆ. 925 ಅಂತ ಇದ್ದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಬೇರೆ ಲೋಹ. ಶೇಕಡಾ ಲೆಕ್ಕದಲ್ಲಿ 92.5. ಚಿನಿವಾರ ಪೇಟೆಯಲ್ಲಿ ಇದನ್ನೇ ಟಂಚ್ ಅನ್ನುವುದು.

## ಕಿವಿಯ ಹತ್ತಿರ ಇದ್ದದ್ದೆಲ್ಲ ಓಲೆಯಲ್ಲ

ಗುರುತಿಸುವ ಕೆಲಸ ಶುರುವಾಗುವುದು ಹೆಸರಿನಿಂದ. ಓಲೆ ಅನ್ನುವ ಪದವೇ ತಾಳೆಗರಿಯದು. ಗರಿಯನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಇಡುತ್ತಿದ್ದದ್ದು ಮುಂದೆ ಲೋಹದ ಒಡವೆಯ ಹೆಸರಾಯಿತು. ಬುಗುಡಿ ಹಾಕುವುದು ಕಿವಿಯ ಮೇಲಂಚಿಗೆ. ಝುಮಕಿ ಅಂದರೆ ಕೆಳಗೆ ತೂಗುವ ಬುಟ್ಟಿಯಾಕಾರ. ಅದರ ಭಾರ ಕಿವಿಗೆ ಬೀಳದಿರಲಿ ಅಂತ ಕೂದಲಿಗೆ ಸಿಕ್ಕಿಸುವ ಸರ ಕೆನ್ನೆಸರಪಳಿ. ಕಡಕು, ಒಂಟಿ ಇವನ್ನು ಗಂಡಸರೂ ಹಾಕಿಕೊಳ್ಳುತ್ತಿದ್ದರು.

ಇಲ್ಲೊಂದು ವಿಷಯ ಗಮನಿಸಿ. ನಮ್ಮ ಕಡೆ ಅನುಕೂಲವಿದ್ದವರು ಕಿವಿಗೆ ಚಿನ್ನ, ಕಾಲಿಗೆ ಬೆಳ್ಳಿ ಹಾಕುತ್ತಿದ್ದರು. ಕಿವಿಗೆ ಬೆಳ್ಳಿ ಹಾಕಿದವರು ಹೆಚ್ಚಾಗಿ ದುಡಿಯುವ ಮನೆಗಳವರು, ತಾಂಡಾಗಳವರು. ಕಷ್ಟ ಬಂದಾಗ ಮೊದಲು ಮಾರಿದ್ದು, ಕರಗಿಸಿದ್ದು ಇವನ್ನೇ. ಬೆಳ್ಳಿಯ ಮೇಲೆ ಚಿನ್ನದ ನೀರು ಕೊಟ್ಟು ಚಿನ್ನದಂತೆ ಹಾಕಿಕೊಂಡದ್ದೂ ಉಂಟು. ನಾಟ್ಯದ ಒಡವೆಗಳಲ್ಲಿ ಇದು ಇವತ್ತಿಗೂ ಇದೆ. ನಿಮ್ಮ ಮನೆಯಲ್ಲಿ "ಗಿಲೀಟು" ಅಂತ ಮೂಲೆಗೆ ಬಿಸಾಕಿದ ಹಳದಿ ಝುಮಕಿಯನ್ನೂ ಒಮ್ಮೆ ತಿರುಗಿಸಿ ನೋಡಿ. ಹಳದಿ ಸವೆದ ಕಡೆ ಬಿಳಿ ಕಂಡರೆ ಒಳಗೆ ಬೆಳ್ಳಿ ಇರಬಹುದು.

ಲಂಬಾಣಿ ಒಡವೆಗಳ ಬಗ್ಗೆ ಗೊಂದಲ ಜಾಸ್ತಿ. ಆನ್‌ಲೈನಿನಲ್ಲಿ "ಹಳೆಯ ಬಂಜಾರಾ ಕಿವಿಯೋಲೆ" ಅಂತ ಮಾರುವ ದೊಡ್ಡ ಗಂಟೆಯಾಕಾರದ ಜೋಡಿಗಳಲ್ಲಿ ಕೆಲವು ಓಲೆಗಳೇ ಅಲ್ಲ. ಅವು ಟೋಪ್ಲಿ. ಮದುವೆಯಾದ ಲಂಬಾಣಿ ಹೆಂಗಸರು ಕೆನ್ನೆಯ ಎರಡೂ ಬದಿ ಕೂದಲ ಜಡೆಗೆ ಕಟ್ಟಿಕೊಳ್ಳುವ ಒಡವೆ. ಜೊತೆಗೆ ಘೂಗ್ರಿಯ ಗೊಂಚಲು. ಕಿವಿಗೆ ಹಾಕುವ ಕೊಂಡಿಯನ್ನು ವ್ಯಾಪಾರಿ ಆಮೇಲೆ ಬೆಸೆದಿರುತ್ತಾನೆ. ಕೊಂಡಿ ಹೊಳಪಾಗಿದ್ದು ಉಳಿದ ಭಾಗ ಸವೆದಿದ್ದರೆ ಅನುಮಾನಪಡಿ. ಹೀಗೆ ತಿದ್ದಿದ ಒಡವೆ ಹಳೆಯದೇ ಇರಬಹುದು, ಆದರೆ ಮೂಲ ರೂಪ ಹೋಗಿರುತ್ತದೆ. ಬೆಲೆಯೂ ಅಷ್ಟು ಇಳಿಯುತ್ತದೆ.

## ಬೆಳ್ಳಿಯೇ ಹೌದಾ?

ಮೊದಲು ಆಯಸ್ಕಾಂತ. ಅಂಟಿಕೊಂಡರೆ ಒಳಗೆ ಕಬ್ಬಿಣದಂಥ ಬೇರೆ ಲೋಹ ಇದೆ. ಅಂಟದಿದ್ದರೆ ಬೆಳ್ಳಿ ಅಂತಲ್ಲ. ಹಿತ್ತಾಳೆ, ತಾಮ್ರ, ಜರ್ಮನ್ ಸಿಲ್ವರ್ ಯಾವುದೂ ಅಂಟುವುದಿಲ್ಲ.

ಆಮೇಲೆ ಸವೆದ ಜಾಗ ನೋಡಿ. ಕೊಂಡಿಯ ಒಳಬದಿ, ಬುಟ್ಟಿಯ ಅಂಚು, ತಿರುಪಿನ ಹಿಂಬದಿ. ಅಲ್ಲಿ ಕೆಂಪು ಅಥವಾ ಹಳದಿ ಕಂಡರೆ ಅದು ಬೆಳ್ಳಿ ನೀರು ಕೊಟ್ಟ ತಾಮ್ರ, ಹಿತ್ತಾಳೆ. ಬೆಳ್ಳಿ ಸವೆದರೂ ಒಳಗೆ ಬೆಳ್ಳಿಯೇ ಕಾಣಬೇಕು.

ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಪರೀಕ್ಷೆ ಎಂದರೆ ಸಾಂದ್ರತೆಯದು. ಹೆಸರು ಕೇಳಿ ಹೆದರಬೇಡಿ. ಒಂದು ಪಾವು ಅಕ್ಕಿಗೂ ಒಂದು ಪಾವು ಅವಲಕ್ಕಿಗೂ ತೂಕ ಬೇರೆ ಅಲ್ವಾ? ಅಳತೆ ಒಂದೇ, ಭಾರ ಬೇರೆ. ಹಾಗೆಯೇ ಒಂದು ಘನ ಸೆಂಟಿಮೀಟರ್ ಬೆಳ್ಳಿ 10.49 ಗ್ರಾಂ ತೂಗುತ್ತದೆ. ಅಷ್ಟೇ ಜಾಗದ ತಾಮ್ರ 8.96 ಗ್ರಾಂ. ಹಿತ್ತಾಳೆ, ಜರ್ಮನ್ ಸಿಲ್ವರ್ ಸುಮಾರು ಎಂಟೂವರೆ ಗ್ರಾಂ ಆಸುಪಾಸು.

ನಾವು ಹೀಗೆ ಮಾಡಿದೆವು. 0.01 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ತಂದೆವು. ಜೋಡಿ ಝುಮಕಿ ತೂಗಿದರೆ 31.20 ಗ್ರಾಂ ಬಂತು. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿದೆವು. ಝುಮಕಿಯನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗುವಂತೆ, ತಳ ಮುಟ್ಟದಂತೆ ಇಳಿಬಿಟ್ಟೆವು. ತಕ್ಕಡಿ 3.05 ತೋರಿಸಿತು. ಅದು ಝುಮಕಿ ಪಕ್ಕಕ್ಕೆ ಸರಿಸಿದ ನೀರಿನ ತೂಕ, ಅಂದರೆ ಅದರ ಗಾತ್ರ. 31.20ನ್ನು 3.05ರಿಂದ ಭಾಗಿಸಿದರೆ 10.23. ಹಿತ್ತಾಳೆಯಲ್ಲ, ಜರ್ಮನ್ ಸಿಲ್ವರ್ ಅಲ್ಲ, ಬೆಳ್ಳಿಯೇ.

10.23 ಅಂದರೆ ಉಳಿದದ್ದೆಲ್ಲ ತಾಮ್ರ ಅಂತಿಟ್ಟುಕೊಂಡರೆ ಶೇಕಡಾ 85ರ ಹತ್ತಿರ. ಆದರೆ ಈ ಅಂಕಿಯನ್ನು ಪೂರ್ತಿ ನಂಬಬೇಡಿ. ನೀರಿನ ಅಳತೆಯಲ್ಲಿ 0.03 ಗ್ರಾಂ ಹೆಚ್ಚುಕಮ್ಮಿಯಾದರೆ ಉತ್ತರ 80ರಿಂದ 90ರವರೆಗೆ ಓಡಾಡುತ್ತದೆ. ಬೆಳ್ಳಿಯೋ ಅಲ್ಲವೋ ಅಂತ ಹೇಳಲು ಈ ಪರೀಕ್ಷೆ ಸಾಕು, ಟಂಚ್ ಹೇಳಲು ಸಾಲದು. ಬುಟ್ಟಿಯೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೂ ಲೆಕ್ಕ ತಪ್ಪುತ್ತದೆ. ನಮಗೆ ಮೊದಲ ಸಲ 9.4 ಬಂದು ಅತ್ತೆಯ ಮುಖ ಬಾಡಿತ್ತು. ಝುಮಕಿಯನ್ನು ನೀರೊಳಗೆ ಅಡಿಮೇಲು ಮಾಡಿ ಅಲುಗಿಸಿದ ಮೇಲೆ ಸರಿಯಾಯಿತು. ಒಳಗೆ ಅರಗು ತುಂಬಿದ ಗುಂಡುಗಳಿದ್ದರೆ ಈ ಪರೀಕ್ಷೆ ನಡೆಯುವುದೇ ಇಲ್ಲ.

ಟಂಚ್ ತಿಳಿಯಲು ಅಕ್ಕಸಾಲಿಗರ ಹತ್ತಿರ ಹೋಗಬೇಕು. ಅವರ ಹಳೆಯ ಸಾಧನ ಒರೆಗಲ್ಲು. ಕಪ್ಪು ಕಲ್ಲಿನ ಮೇಲೆ ಒಡವೆಯಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಟಂಚ್ ಗೊತ್ತಿರುವ ಬೆಳ್ಳಿಯ ಗೆರೆ ಎಳೆದು, ಆಸಿಡ್ ಹಾಕಿ ಬಣ್ಣ ಹೋಲಿಸುತ್ತಾರೆ. ಇದನ್ನು ಮನೆಯಲ್ಲಿ ಮಾಡಬೇಡಿ. ಅದು ನೈಟ್ರಿಕ್ ಆಸಿಡ್, ಚರ್ಮ ಸುಡುತ್ತದೆ.

ಈಗ ಬಹಳ ಕಡೆ ಎಕ್ಸ್‌ಆರ್‌ಎಫ್ ಯಂತ್ರ ಇದೆ. ಎಕ್ಸ್‌ರೇ ಬಿಟ್ಟು ಕೆಲವೇ ಕ್ಷಣದಲ್ಲಿ ಲೋಹಗಳ ಪಟ್ಟಿ ಕೊಡುತ್ತದೆ. ಒಡವೆಗೆ ಏನೂ ಆಗುವುದಿಲ್ಲ. ಆದರೆ ಅದು ನೋಡುವುದು ಮೇಲಿನ ತೆಳು ಪದರ ಮಾತ್ರ. ಸಿಪ್ಪೆ ನೋಡಿ ಹಣ್ಣು ಹೇಳಿದಂತೆ. ಹಳೆಯ ಒಡವೆಗಳಲ್ಲಿ ಯಂತ್ರದ ಉತ್ತರ ತಪ್ಪಲು ಒಂದು ವಿಶೇಷ ಕಾರಣವೂ ಇದೆ. ಅಕ್ಕಸಾಲಿಗರು ಕೆಲಸ ಮುಗಿಸಿ ಒಡವೆಯನ್ನು ಕಾಯಿಸಿ, ಹುಣಸೆಹುಳಿಯಂಥ ಹುಳಿ ನೀರಿನಲ್ಲಿ ಹಾಕುತ್ತಿದ್ದರು. ಮೇಲ್ಮೈಯ ತಾಮ್ರ ಕರಗಿ ಹೋಗಿ ಬೆಳ್ಳಿ ಉಳಿಯುತ್ತಿತ್ತು. ಅದರಿಂದ ಹೊರಗೆ ಟಂಚ್ ಜಾಸ್ತಿ, ಒಳಗೆ ಕಮ್ಮಿ. ಹಾಗಾಗಿ ಯಂತ್ರದ ಅಳತೆಯನ್ನು ಮೂರು ನಾಲ್ಕು ಕಡೆ, ಸವೆದ ಜಾಗದಲ್ಲೂ ಬೆಸುಗೆಯ ಹತ್ತಿರವೂ ಮಾಡಿಸಿ.

ನಮ್ಮ ಝುಮಕಿಯನ್ನು ಒರೆಗೆ ಹಚ್ಚಿದ ಪತ್ತಾರರು, "ಬುಟ್ಟಿ ಹಳೇ ರೂಪಾಯಿ ಬೆಳ್ಳಿ ಐತ್ರಿ ಅಕ್ಕಾರ, ಬೆಸಿಗಿ ಮಾತ್ರ ಕಲಬೆರಕಿ" ಅಂದರು. ಈ ರೂಪಾಯಿ ಬೆಳ್ಳಿ ಎಂಬ ಮಾತಿನ ಹಿಂದೆ ದೊಡ್ಡ ಕಥೆ ಇದೆ. 1835ರಿಂದ 1939ರವರೆಗೆ ಬ್ರಿಟಿಷ್ ಇಂಡಿಯಾದ ಒಂದು ರೂಪಾಯಿ ನಾಣ್ಯ 11.66 ಗ್ರಾಂ ಇತ್ತು. ಅದೇ ಒಂದು ತೊಲ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಶೇಕಡಾ 91.7. ಹಳ್ಳಿಯ ಹೆಂಗಸರು ಕೂಡಿಟ್ಟ ರೂಪಾಯಿಗಳನ್ನೇ ಅಕ್ಕಸಾಲಿಗರಿಗೆ ಕೊಟ್ಟು ಒಡವೆ ಮಾಡಿಸುತ್ತಿದ್ದರು. ತೂಕ ಗೊತ್ತು, ಟಂಚ್ ಗೊತ್ತು, ಮೋಸಕ್ಕೆ ಜಾಗ ಕಮ್ಮಿ. 1940ರಲ್ಲಿ ನಾಣ್ಯದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರಲ್ಲಿ ನಿಕ್ಕಲ್ ನಾಣ್ಯ ಬಂತು. ಹಾಗಾಗಿ 90ರ ಆಸುಪಾಸಿನ ಟಂಚ್ ಒಂದು ಸುಳಿವು. ಪುರಾವೆ ಅಲ್ಲ, ಸುಳಿವು.

## ವಯಸ್ಸು ಹೇಳುವುದು ವಿನ್ಯಾಸವಲ್ಲ

"ಇದು ಹೊಯ್ಸಳರ ಕಾಲದ ಡಿಸೈನ್" ಅಂತ ಮಾರುವವರು ಹೇಳಬಹುದು. ಇರಬಹುದು. ಬೇಲೂರಿನ ಶಿಲಾಬಾಲಿಕೆಯ ಕಿವಿಯಲ್ಲಿ ಇದ್ದದ್ದನ್ನು ಹೋದ ತಿಂಗಳೂ ಮಾಡಬಹುದಲ್ಲ? ವಿನ್ಯಾಸದ ವಯಸ್ಸು ಬೇರೆ, ವಸ್ತುವಿನ ವಯಸ್ಸು ಬೇರೆ. ವಸ್ತುವಿನ ವಯಸ್ಸು ಅದರ ಬೆನ್ನಿನಲ್ಲಿ, ಕೀಲಿನಲ್ಲಿ, ತಿರುಪಿನಲ್ಲಿ ಇರುತ್ತದೆ.

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಹಗಲು ಬೆಳಕಿನಲ್ಲಿ ಕಿಟಕಿ ಹತ್ತಿರ ಕೂತು ನೋಡಿ. ನಮ್ಮ ಝುಮಕಿಯಲ್ಲಿ ಕಂಡದ್ದನ್ನು ಹೇಳುತ್ತೇನೆ.

ಬುಟ್ಟಿಯ ಅಂಚಿನ ಸುತ್ತ ಬೆಳ್ಳಿಯ ರವೆ ಕೂರಿಸಿದ್ದಾರೆ. ಎಡದ ಬುಟ್ಟಿಯಲ್ಲಿ 42 ರವೆ, ಬಲದ್ದರಲ್ಲಿ 44. ಕೆಲವು ದೊಡ್ಡವು, ಕೆಲವು ಚಿಕ್ಕವು. ಕೈಯಿಂದ ಮಾಡಿದ ಜೋಡಿ ಅವಳಿಗಳ ಹಾಗೆ ಒಂದೇ ಥರ ಇರುವುದಿಲ್ಲ, ಅಕ್ಕತಂಗಿಯರ ಹಾಗೆ ಇರುತ್ತದೆ. ಎರಕ ಹೊಯ್ದ ಹೊಸ ಒಡವೆಯಲ್ಲಿ ರವೆಗಳು ಬುಡದಲ್ಲಿ ಕರಗಿ ಒಂದಾದಂತೆ ಕಾಣುತ್ತವೆ. ಎಣಿಸಿದರೆ ಎರಡೂ ಕಡೆ ಸಮ. ಹಿಂಬದಿಯಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಕುಳಿಗಳೂ ಕಾಣಬಹುದು.

ತಿರುಪು ನೋಡಿ. ಹೊಸದರಲ್ಲಿ ಮರೆ, ಅಂದರೆ ತಿರುಪಿನ ಸುರುಳಿ ಗೆರೆ, ಯಂತ್ರದಲ್ಲಿ ಕೊರೆದದ್ದು, ಚೂಪಾಗಿ ಒಂದೇ ಸಮನಾಗಿ ಇರುತ್ತದೆ. ಕೆಲವು ಹಳೆಯದರಲ್ಲಿ ತೆಳು ತಂತಿಯನ್ನು ಕಡ್ಡಿಗೆ ಸುತ್ತಿ ಬೆಸೆದು ಮರೆ ಮಾಡಿರುತ್ತಾರೆ. ನಮ್ಮದು ಹಾಗೇ ಇತ್ತು. ಎಡದ ತಿರುಪು ಬಲದ ಕಡ್ಡಿಗೆ ಹತ್ತುವುದೇ ಇಲ್ಲ! ಕಡ್ಡಿಯೂ ಈಗಿನವಕ್ಕಿಂತ ದಪ್ಪ. ಆಗಿನವರ ಕಿವಿಯ ತೂತು ಅಷ್ಟು ಅಗಲ.

ಸವೆತವೂ ಕಥೆ ಹೇಳುತ್ತದೆ. ಹಳೆಯ ಮನೆಯ ಮೆಟ್ಟಿಲು ನಡುವೆ ಸವೆದಿರುತ್ತದೆ, ಮೂಲೆಯಲ್ಲಿ ಅಲ್ಲ. ಕಾಲು ಬೀಳುವ ಜಾಗ ಅದೇ ತಾನೇ. ಒಡವೆಯೂ ಹಾಗೆಯೇ. ಕೊಂಡಿ ತನ್ನನ್ನು ಹಿಡಿದ ಸಣ್ಣ ಬಳೆಗೆ ಉಜ್ಜುವ ಜಾಗದಲ್ಲಿ ತೆಳ್ಳಗಾಗಿ, ದುಂಡು ತೂತು ಉದ್ದವಾಗಿರುತ್ತದೆ. ಕೆನ್ನೆಗೆ ತಾಗುವ ಬದಿ ನುಣುಪು. ಉಬ್ಬು ಸವೆದು, ತಗ್ಗಿನಲ್ಲಿ ಕಪ್ಪು ಉಳಿದಿರುತ್ತದೆ. ಮರಳುಕಾಗದದಿಂದ ಹಳೆಯದು ಮಾಡಿದ್ದರಲ್ಲಿ ಗೀರುಗಳು ಎಲ್ಲ ಕಡೆ ಒಂದೇ ಸಮ ಇರುತ್ತವೆ. ಹಾಕಿಕೊಂಡಾಗ ಏನೂ ತಾಗದ ಜಾಗದಲ್ಲೂ ಸವೆದಿರುತ್ತದೆ.

ನಾಣ್ಯ ಬೆಸೆದ ಓಲೆಯಾದರೆ ಇಸವಿ ಓದಿ. 1907 ಅಂತ ಇದ್ದರೆ ಒಡವೆ 1907ಕ್ಕಿಂತ ಹಳೆಯದಲ್ಲ ಅನ್ನುವುದಷ್ಟೇ ಖಚಿತ. ಆ ನಾಣ್ಯವನ್ನು 1990ರಲ್ಲೂ ಬೆಸೆದಿರಬಹುದು.

ಇನ್ನು ಮುದ್ರೆಗಳು. ಮುದ್ರೆ ಇಲ್ಲದಿದ್ದರೆ ನಕಲಿ ಅಂದುಕೊಳ್ಳುವವರು ಬಹಳ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಬೆಳ್ಳಿಗೆ ಕಡ್ಡಾಯ ಮುದ್ರೆ ಇರಲೇ ಇಲ್ಲ. ಊರಿನ ಅಕ್ಕಸಾಲಿಗರು ಮಾಡಿದ ಓಲೆಯಲ್ಲಿ ಏನೂ ಬರೆದಿರದಿದ್ದರೆ ಅದೇ ಸಹಜ. ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊ, ಬೆಳ್ಳಿಗೆ ಹಾಲ್‌ಮಾರ್ಕ್ ಎಂಬ ಶುದ್ಧತೆಯ ಮುದ್ರೆ ಶುರು ಮಾಡಿದ್ದು 2005ರಲ್ಲಿ. ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಬೆಳ್ಳಿಗೆ ಬಂದದ್ದು 2025ರ ಸೆಪ್ಟೆಂಬರ್ 1ರಿಂದ, ಅದೂ ಐಚ್ಛಿಕವಾಗಿ. ಆದ್ದರಿಂದ ಬಿಐಎಸ್ ಮುದ್ರೆ ಇರುವ "150 ವರ್ಷದ ಓಲೆ" ಕಂಡರೆ ಕೈಮುಗಿದು ಬನ್ನಿ. ಬರೀ 925 ಅಂತ ಅಚ್ಚೊತ್ತಿದ ಹಳ್ಳಿ ಶೈಲಿಯ ಝುಮಕಿಯೂ ಬಹುಮಟ್ಟಿಗೆ ಇತ್ತೀಚಿನ ದಶಕಗಳದು.

ಹೊರದೇಶದಲ್ಲಿ ಇರುವ ನಮ್ಮವರು ಅಲ್ಲಿನ ಹಳೆ ಸಾಮಾನಿನ ಸಂತೆಗಳಲ್ಲಿ ಕೊಳ್ಳುವುದುಂಟು. ಅಲ್ಲಿ ಮುದ್ರೆ ಬಹಳ ಮುಖ್ಯ. ಇಂಗ್ಲೆಂಡಿನ ಬೆಳ್ಳಿಯಲ್ಲಿ ನಡೆಯುವ ಸಿಂಹದ ಗುರುತು 925ಕ್ಕೆ, ಲಂಗರು ಬರ್ಮಿಂಗ್‌ಹ್ಯಾಮ್ ಊರಿಗೆ, ಜೊತೆಗಿರುವ ಒಂದು ಅಕ್ಷರ ವರ್ಷಕ್ಕೆ. ಜರ್ಮನಿಯಲ್ಲಿ 1888ರಿಂದ ಅರ್ಧಚಂದ್ರ ಮತ್ತು ಕಿರೀಟ, ಪಕ್ಕದಲ್ಲಿ 800ರಂಥ ಅಂಕಿ. ಇಪಿಎನ್‌ಎಸ್ ಅಂತ ಇದ್ದರೆ ಅದು ಬೆಳ್ಳಿ ನೀರು ಕೊಟ್ಟದ್ದು, ಬೆಳ್ಳಿಯಲ್ಲ.

## ದಯವಿಟ್ಟು ಉಜ್ಜಬೇಡಿ

ಟ್ರಂಕಿನಿಂದ ತೆಗೆದ ಕೂಡಲೇ ಹಲ್ಲುಪುಡಿ ಹಾಕಿ ತಿಕ್ಕುವುದು ನಮ್ಮೆಲ್ಲರ ಅಭ್ಯಾಸ. ಅದನ್ನೇ ಮೊದಲು ನಿಲ್ಲಿಸಬೇಕು.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಬೆಳ್ಳಿ ಚಮಚದಲ್ಲಿ ಮೊಟ್ಟೆ ತಿಂದರೆ ಚಮಚ ಕಪ್ಪಾಗುವುದೂ ಇದಕ್ಕೇ. ಆ ಕಪ್ಪು ಬೆಳ್ಳಿಯ ಮೇಲಿನ ಪದರವೇ. ಹಲ್ಲುಪುಡಿ, ವಿಭೂತಿ, ಬ್ರಷ್ ಇವು ಕಪ್ಪಿನ ಜೊತೆ ಬೆಳ್ಳಿಯನ್ನೂ ಕೆರೆಯುತ್ತವೆ. ಐವತ್ತು ವರ್ಷ ಉಜ್ಜಿದ ಒಡವೆಯಲ್ಲಿ ಚಿತ್ತಾರ ಮಾಸಿರುವುದು ಅದಕ್ಕೇ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡ, ಬಿಸಿನೀರಿನ ವಿಧಾನ ಬೆಳ್ಳಿಯನ್ನು ಕೆರೆಯುವುದಿಲ್ಲ, ಆದರೆ ತಗ್ಗಿನ ಕಪ್ಪನ್ನೂ ಪೂರ್ತಿ ತೆಗೆದು ಒಡವೆಯನ್ನು ಬೋಳು ಮಾಡುತ್ತದೆ. ಬಿಸಿನೀರಿಗೆ ಒಳಗಿನ ಅರಗು ಮೆತ್ತಗಾಗಿ ಕಲ್ಲು ಉದುರಬಹುದು.

ಸಂಗ್ರಹಕಾರರು ಹುಡುಕುವುದು ಆ ತಗ್ಗಿನ ಕಪ್ಪನ್ನೇ. ಮೆತ್ತನೆ ಹತ್ತಿಬಟ್ಟೆಯಲ್ಲಿ ಧೂಳು ಒರೆಸಿ, ಒಣಗಿದ ಡಬ್ಬಿಯಲ್ಲಿಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲಿ ಗಂಧಕ ಇರುತ್ತದೆ.

## ಒಂದೇ ಝುಮಕಿಗೆ ಮೂರು ಬೆಲೆ

ಮೊದಲನೆಯದು ಲೋಹದ ಬೆಲೆ. ಇದು ಬರೀ ಗುಣಾಕಾರ. ತೂಕ, ಟಂಚ್, ಆ ದಿನದ ದರ. ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ 200 ರೂಪಾಯಿ ಇಟ್ಟುಕೊಳ್ಳೋಣ. 31.20 ಗ್ರಾಂ ಝುಮಕಿ, ಬೆಸುಗೆ ಎಲ್ಲ ಸೇರಿ ಸರಾಸರಿ ಶೇಕಡಾ 85. ಅಪ್ಪಟ ಬೆಳ್ಳಿ 26.52 ಗ್ರಾಂ. ಬೆಲೆ 5,304 ರೂಪಾಯಿ. ಬುಟ್ಟಿ ಮಾತ್ರ ಒರೆಗೆ ಹಚ್ಚಿ 90 ಅಂದರೂ, ಕರಗಿಸಿದಾಗ ಲೆಕ್ಕಕ್ಕೆ ಬರುವುದು ಸರಾಸರಿ. ಅರಗು, ಕಲ್ಲು, ದಾರ ಇದ್ದರೆ ಆ ತೂಕವನ್ನು ಮೊದಲೇ ಕಳೆಯಬೇಕು. ಕರಗಿಸುವ ನಷ್ಟ ಅಂತ ಅಂಗಡಿಯವರೂ ಒಂದಿಷ್ಟು ಕಳೆಯುತ್ತಾರೆ. ಅದು ಅಂಗಡಿಯಿಂದ ಅಂಗಡಿಗೆ ಬೇರೆ. ಇದಕ್ಕಿಂತ ಕೆಳಗೆ ಬೆಲೆ ಹೋಗಬಾರದು ಅನ್ನುವ ನೆಲ ಇದು.

ಎರಡನೆಯದು ಕೆಲಸದ ಬೆಲೆ. ಇಂಥದ್ದನ್ನೇ ಇವತ್ತು ಕೈಯಿಂದ ಮಾಡಿಸಿದರೆ ಎಷ್ಟಾಗುತ್ತದೆ? ಒಂದೊಂದು ರವೆ ಕೂರಿಸಿ ಬೆಸೆಯುವವರು ಈಗ ಕಮ್ಮಿ. ಹಾಕಿಕೊಳ್ಳಲು ಬರುವಂತೆ ಇರುವ ಹಳೆಯ ಜೋಡಿಗೆ ಈ ಕಾರಣಕ್ಕೇ ಲೋಹಕ್ಕಿಂತ ಜಾಸ್ತಿ ಕೊಡುವವರಿದ್ದಾರೆ.

ಮೂರನೆಯದು ಸಂಗ್ರಹದ ಬೆಲೆ. ಇದಕ್ಕೆ ಸೂತ್ರವಿಲ್ಲ. ಆದರೆ ಏನು ಏರಿಸುತ್ತದೆ, ಏನು ಇಳಿಸುತ್ತದೆ ಅಂತ ಹೇಳಬಹುದು. ಜೋಡಿ ಪೂರ್ತಿ ಇರಬೇಕು. ಒಂಟಿ ಉಳಿದ ಝುಮಕಿಗೆ ಅರ್ಧ ಬೆಲೆಯೂ ಸಿಗುವುದು ಕಷ್ಟ. ಎರಡೂ ಮೂಲದ ತಿರುಪೇ ಇರಬೇಕು. ಯಾವ ಸೀಮೆಯದು, ಯಾವ ಸಮುದಾಯದವರು ಹಾಕುತ್ತಿದ್ದರು ಅಂತ ಹೇಳಲು ಬಂದರೆ ಬೆಲೆ ಏರುತ್ತದೆ. ಹಳೆಯ ರಿಪೇರಿ ಇದ್ದರೆ ತೊಂದರೆಯಿಲ್ಲ. ನಮ್ಮ ಝುಮಕಿಯ ಬಲಗಡೆ ಸರಪಳಿಯಲ್ಲಿ ಒಂದು ಕೊಂಡಿ ಹಳದಿ ಬೆಸುಗೆಯದು, ಅಜ್ಜಿ ಹಾಕಿಕೊಂಡ ಕಾಲದಲ್ಲೇ ಕಿತ್ತು ರಿಪೇರಿ ಮಾಡಿಸಿದ್ದು. ಅದು ಬಳಕೆಯ ಗುರುತು. ಮೊನ್ನೆ ಸೀಸದಲ್ಲಿ ಮೆತ್ತಿದ ಬೆಸುಗೆ ಮಾತ್ರ ಹಾನಿ. ಆಮೇಲೆ ಪಾಲಿಷ್ ಮಾಡಿಸಿ ಹೊಳೆಯುವಂತೆ ಮಾಡಿದ್ದರೆ ಅದೂ ಇಳಿಕೆಯೇ.

ಬೆಲೆ ಹೋಲಿಸುವಾಗ ಒಂದು ಎಚ್ಚರ. ಆನ್‌ಲೈನಿನಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ. 40 ಸಾವಿರ ಅಂತ ಬರೆದಿಟ್ಟ ಓಲೆ ಎರಡು ವರ್ಷದಿಂದ ಅಲ್ಲೇ ಕೂತಿರಬಹುದು. ಮಾರಾಟವಾದ ಬೆಲೆ ತೋರಿಸುವ ಹರಾಜುಗಳನ್ನೇ ನೋಡಿ. ಹೋಲಿಸುವಾಗ ತೂಕ, ಸೀಮೆ, ಸ್ಥಿತಿ ಮೂರೂ ಹೊಂದಬೇಕು. ರಾಜಸ್ಥಾನದ ಬೆಳ್ಳಿಯೋಲೆಯ ಬೆಲೆ ನೋಡಿ ಹಾವೇರಿ ಝುಮಕಿಗೆ ಬೆಲೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ.

## ಡಬ್ಬಿಯೊಳಗೆ ಒಂದು ಚೀಟಿ

ಜಮೀನಿಗೆ ಪಹಣಿ ಇದ್ದಂತೆ ಒಡವೆಗೂ ಒಂದು ದಾಖಲೆ ಬೇಕು. ಯಾರದು, ಯಾವ ಊರಿನದು, ಯಾರಿಂದ ಯಾರಿಗೆ ಬಂತು. ಸಂಗ್ರಹಕಾರರಿಗೂ ವಸ್ತುಸಂಗ್ರಹಾಲಯಗಳಿಗೂ ಇದು ಬೆಳ್ಳಿಯಷ್ಟೇ ಬೆಲೆಯುಳ್ಳದ್ದು. ಈ ಮಾಹಿತಿ ಮನೆಯ ಹಿರಿಯರ ತಲೆಯಲ್ಲಿ ಮಾತ್ರ ಇರುತ್ತದೆ. ಅವರು ಹೋದರೆ ಅದೂ ಹೋಗುತ್ತದೆ.

ನಾನು ಅತ್ತೆಯನ್ನು ಕೂರಿಸಿಕೊಂಡು ಕೇಳಿದೆ. ಝುಮಕಿ ಅಜ್ಜಿಯದಲ್ಲ, ಅಜ್ಜಿಯ ಅತ್ತೆಯದು ಅಂತ ಅವತ್ತೇ ಗೊತ್ತಾದದ್ದು. ಮದುವೆಯ ಒಂದು ಗುಂಪು ಫೋಟೋದಲ್ಲಿ ಅಜ್ಜಿ ಅದನ್ನು ಹಾಕಿಕೊಂಡು ನಿಂತಿದ್ದಾರೆ, ಕೆನ್ನೆಸರಪಳಿ ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ಲೆಕ್ಕದ ಪುಸ್ತಕದಲ್ಲಿ "ಝುಮಕಿ ಜೋಡಿ, 2¾ ತೊಲ" ಅಂತಲೂ ಸಿಕ್ಕಿತು. 2¾ ತೊಲ ಅಂದರೆ 32 ಗ್ರಾಂ ಚಿಲ್ಲರೆ. ಈಗ 31.20. ಸವೆದು ಹೋದದ್ದು ಒಂದು ಗ್ರಾಂಗಿಂತ ಕಮ್ಮಿ. ತೊಲದ ಲೆಕ್ಕ ಇರುವುದೂ ಒಂದು ಸುಳಿವೇ. ದೇಶದಲ್ಲಿ ಗ್ರಾಂ, ಕಿಲೋ ಬಂದದ್ದು 1950ರ ದಶಕದ ಕೊನೆಯಲ್ಲಿ. ಆಮೇಲೂ ತೊಲ ಬಾಯಿಮಾತಿನಲ್ಲಿ ಉಳಿಯಿತು ಅನ್ನುವುದು ಬೇರೆ ಮಾತು.

ಇಷ್ಟನ್ನೂ ಚೀಟಿಯಲ್ಲಿ ಬರೆದು, ಮುಂದೆ ಹಿಂದೆ ಫೋಟೋ ತೆಗೆದು, ಡಬ್ಬಿಯಲ್ಲಿಟ್ಟೆವು.

## ಸಾಲ, ತೆರಿಗೆ, ವಿಮಾನ

ಬೆಳ್ಳಿ ಒಡವೆ ಇಟ್ಟು ಸಾಲ ಕೊಡಲು ಆರ್‌ಬಿಐ 2025ರಲ್ಲಿ ನಿಯಮ ಮಾಡಿತು. 2026ರ ಏಪ್ರಿಲ್ 1ರ ಒಳಗೆ ಬ್ಯಾಂಕುಗಳು ಜಾರಿಗೆ ತರಬೇಕು ಅಂದಿತು. ಒಬ್ಬರು 10 ಕೆಜಿವರೆಗೆ ಬೆಳ್ಳಿ ಒಡವೆ ಇಡಬಹುದು. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಲೋಹದ ಬೆಲೆ ಮಾತ್ರ. ಕಲ್ಲಿಗೆ, ಕೆಲಸಕ್ಕೆ, ವಯಸ್ಸಿಗೆ ಬೆಲೆ ಇಲ್ಲ.

ಮಾರಿದರೆ ತೆರಿಗೆ? 24 ತಿಂಗಳಿಗಿಂತ ಜಾಸ್ತಿ ಕಾಲ ಇದ್ದ ಒಡವೆಯ ಲಾಭಕ್ಕೆ, 2024ರ ಜುಲೈ 23ರಿಂದ, ಶೇಕಡಾ 12.5ರ ದರ. ಪಿತ್ರಾರ್ಜಿತವಾಗಿ ಬಂದಿದ್ದರೆ ಹಿಂದಿನವರು ಕೊಟ್ಟ ಬೆಲೆಯೇ ನಿಮ್ಮ ಖರೀದಿ ಬೆಲೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ತೆಗೆದುಕೊಳ್ಳಬಹುದು. ದೊಡ್ಡ ಮೊತ್ತವಾದರೆ ಲೆಕ್ಕಪರಿಶೋಧಕರನ್ನು ಕೇಳಿ.

ಹೊರದೇಶಕ್ಕೆ ಒಯ್ಯುವವರು ಇದನ್ನು ಓದಲೇಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕಲೆ ಮತ್ತು ಕೈಕೆಲಸದ ವಸ್ತುವನ್ನು ಖಾಸಗಿಯವರು ದೇಶದಿಂದ ಆಚೆ ಕಳಿಸುವಂತಿಲ್ಲ. ಅಂಥ ವಸ್ತುಗಳ ವ್ಯಾಪಾರಕ್ಕೂ ಪರವಾನಗಿ ಬೇಕು. ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ, ಗಾಬರಿ ಬೇಡ. ಆದರೆ ಮುತ್ತಜ್ಜಿಯ ಓಲೆಯನ್ನು ಅಮೆರಿಕದಲ್ಲಿರುವ ಮಗಳಿಗೆ ಕಳಿಸುವ ಮುನ್ನ ವಯಸ್ಸಿನ ಅನುಮಾನ ಇದ್ದರೆ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತೋರಿಸಿ. ಪ್ರಾಚ್ಯವಸ್ತು ಅಲ್ಲ ಎಂದಾದರೆ ಹಾಗಂತ ಪ್ರಮಾಣಪತ್ರ ಕೊಡುತ್ತಾರೆ.

## ಅಂಗಡಿಗೆ ಹೋಗುವಾಗ

ಕರಗಿಸಲೇಬೇಕು, ಮಾರಲೇಬೇಕು ಅನ್ನುವ ಸಂದರ್ಭ ಎಲ್ಲರಿಗೂ ಬರುತ್ತದೆ. ಆಗ ಮನೆಯಲ್ಲೇ ತೂಗಿಕೊಂಡು ಹೋಗಿ. ಕಣ್ಣೆದುರೇ ತೂಗಲು ಹೇಳಿ. ಟಂಚ್ ಎಷ್ಟು ಹಿಡಿದಿರಿ, ಹೇಗೆ ನೋಡಿದಿರಿ, ಇವತ್ತಿನ ದರ ಯಾವುದು, ಎಷ್ಟು ಕಳೆದಿರಿ ಅಂತ ಒಂದೊಂದಾಗಿ ಕೇಳಿ ಬರೆಸಿಕೊಳ್ಳಿ. ಬದಲಿಗೆ ಹೊಸದು ತೆಗೆದುಕೊಂಡರೆ ಒಂದು ಬೆಲೆ, ನಗದಾದರೆ ಇನ್ನೊಂದು ಬೆಲೆ ಹೇಳುತ್ತಾರೆ. ಎರಡನ್ನೂ ಕೇಳಿ. ಎರಡು ಮೂರು ಕಡೆ ವಿಚಾರಿಸಿ. ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ಶುಲ್ಕ ಕೊಟ್ಟು ಮೊದಲೇ ಟಂಚ್ ನೋಡಿಸಿಕೊಂಡರೆ ಮಾತುಕತೆ ಸುಲಭ.

ಪರೀಕ್ಷೆಗೆ ಅಂತ ಕೊಟ್ಟ ಒಡವೆಯನ್ನು ಕತ್ತರಿಸಲು, ಅರೆಯಲು ಬಿಡಬೇಡಿ. "ಬರೀ ಒರೆಗೆ ಹಚ್ಚಿ, ಹಿಂಬದಿಯಲ್ಲಿ ಹಚ್ಚಿ" ಅಂತ ಮೊದಲೇ ಹೇಳಿ. ನಮ್ಮ ಪತ್ತಾರರು ಕೇಳುವ ಮೊದಲೇ ಝುಮಕಿ ತಿರುಗಿಸಿ, ಬುಟ್ಟಿಯ ಒಳಅಂಚಿನಲ್ಲಿ ಹಚ್ಚಿದರು. ಗೆರೆ ಎಲ್ಲಿ ಬಿತ್ತು ಅಂತ ಈಗ ಹುಡುಕಿದರೂ ಕಾಣುವುದಿಲ್ಲ. ಕಿತ್ತ ಒಂದು ಕೊಂಡಿಯನ್ನು ಅದೇ ಬಣ್ಣದ ಬೆಳ್ಳಿಯಲ್ಲಿ ಕೂಡಿಸಿ ಕೊಟ್ಟರು. ಯುಗಾದಿಗೆ ಮಗಳು ಅದನ್ನು ಹಾಕಿಕೊಂಡಳು. ಕಡ್ಡಿ ದಪ್ಪ, ಅವಳ ಕಿವಿಗೆ ಹಿಡಿಯಲಿಲ್ಲ. ಅತ್ತೆ ಕಪ್ಪು ದಾರದಲ್ಲಿ ಕಟ್ಟಿ ಇಳಿಬಿಟ್ಟರು.